ಕಸ್ತೂರೆವ್ವ ಕಟ್ಟಿದ ಸೂತ್ರಧಾರ

"ಮೊದಲು ಯಾವ ಕೆಲಸ ಮಾಡಲಿ?" ಎಂದು ನುಡಿಗಣಕ ಕೇಳಿತು.

"ಎಲ್ಲಾ ಮಾಡಪಾ. ಒಂದ ಯಾಕ ಬಿಡ್ತಿ?" ಎಂದಳು ಕಸ್ತೂರೆವ್ವ.

ಗಣಕಕ್ಕೆ ಅಷ್ಟೇ ಸಾಕಾಯಿತು. ಪರದೆ ಮೇಲೇರುತ್ತಿದ್ದಂತೆಯೇ ಕೆಳಗಿಳಿಯಲೂ ಹೊರಟು ನಡುವೆ ಸಿಕ್ಕಿಕೊಂಡು ಒದ್ದಾಡಿತು. ಅರಮನೆಯ ಕಂಬಗಳ ಮೇಲೆ ಧೋ ಎಂದು ಮಳೆ ಸುರಿಯಿತು. ಗುಡುಗಿನ ಸದ್ದೂ ಮದುವೆಯ ವಾದ್ಯವೂ ಒಂದರ ಮೇಲೊಂದು ಬಿದ್ದು ಕಿವಿ ಗಡಚಿಕ್ಕಿದವು. ಸಿಂಹಾಸನದ ಮೇಲೆ ಕೂತು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದ ನಾಯಕನಟ ಫಕೀರಪ್ಪ ಕಲಕೇರಿ ಸಿಂಹಾಸನದ ಸಮೇತ ಹತ್ತಡಿ ಮೇಲೆ ಹೋಗಿ ನಿಂತ.

"ಯವ್ವಾ ಕಸ್ತೂರೀ, ಇಳಸ ನನ್ನ! ಚಾ ಚೆಲ್ಲಾಕತ್ತೈತಿ!"

ಕಲಿಸಲೆಂದು ಮೈಸೂರಿನಿಂದ ಬಂದಿದ್ದ ಗಣಕವಿಜ್ಞಾನಿ ಡಾ. ಮಂದಾರಾ ಅರಸ್ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಒಳ್ಳೇದೇ ಆಯ್ತು ಬಿಡಿ ಅಮ್ಮ, ಇವತ್ತಿನ ಪಾಠ ನೀವೇ ಮಾಡ್ಬಿಟ್ರಿ. ಯಂತ್ರಕ್ಕೆ ಕೈಕಾಲು ಇದೆ, ಕಿವಿ ಇದೆ, ಬೇಕಾದಷ್ಟು ಶಕ್ತಿ ಇದೆ. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ಎಷ್ಟು ಜಾಗ, ಯಾರ ಸರದಿ ಮುಗೀತು ಅನ್ನೋದು ಮಾತ್ರ ಗೊತ್ತಿಲ್ಲ. ಅದನ್ನ ಹೇಳಿಕೊಡೋದೇ ಆಪರೇಟಿಂಗ್ ಸಿಸ್ಟಮ್ ಕಟ್ಟೋದು ಅಂದ್ರೆ."

"ಅಷ್ಟ ಏನ್ರಿ ಅಕ್ಕಾರ?" ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟಳು. "ಅದನ್ನ ನಾನು ನಲವತ್ತು ವರ್ಷದಿಂದ ಮಾಡಾಕತ್ತೀನಿ."

ಮಾತು ಸುಳ್ಳಲ್ಲ. ಶ್ರೀ ಗವಿಮಲ್ಲೇಶ್ವರ ನಾಟ್ಯಸಂಘದ ರಂಗದ ಪಕ್ಕದ ಕತ್ತಲಲ್ಲಿ ನಿಂತು, ಯಾರು ಯಾವಾಗ ಒಳಗೆ ಹೋಗಬೇಕು, ಯಾರು ಯಾವಾಗ ಹೊರಗೆ ಬರಬೇಕು ಎಂದು ಬೆರಳ ಸನ್ನೆಯಲ್ಲೇ ನಡೆಸುತ್ತ ಬಂದವಳು ಅವಳು. ಅವಳ ಬೆರಳು ಏಳದೆ ಕಂಪನಿಯಲ್ಲಿ ರಾಜನೂ ಸಾಯುವಂತಿರಲಿಲ್ಲ.

ಆ ಕಾಲಕ್ಕೆ ಇಂಥ ಕಲಿಕೆ ಏಕೆ ಬೇಕಾಯಿತೆಂಬುದನ್ನು ಇಲ್ಲಿ ಹೇಳಬೇಕು. ಹಿಂದೆ ಜಗತ್ತಿನ ಬಹುಪಾಲು ಗಣಕಗಳು ಒಂದೇ ಆಪರೇಟಿಂಗ್ ಸಿಸ್ಟಮ್‌ನ ಮಾತು ಕೇಳುತ್ತಿದ್ದವು. ಒಂದು ಮಂಗಳವಾರ ಮಧ್ಯಾಹ್ನ ಅದರೊಳಗಿನ ಸಣ್ಣ ತಪ್ಪೊಂದು ತಲೆ ಎತ್ತಿತು. ಮೂರು ದಿನ ಲಿಫ್ಟಿನಲ್ಲಿದ್ದವರು ಲಿಫ್ಟಿನಲ್ಲೇ ಉಳಿದರು, ಹಿಟ್ಟಿನ ಗಿರಣಿಯ ಗೋಧಿ ಗಿರಣಿಯಲ್ಲೇ ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಒಂದೊಂದು ಸಂಸ್ಥೆಯೂ ತನ್ನ ಗಣಕದ ವ್ಯವಸ್ಥೆಯನ್ನು ತನ್ನವರಿಂದಲೇ ಕಟ್ಟಿಸಿಕೊಳ್ಳಬೇಕು, ಒಬ್ಬರದು ಬಿದ್ದರೆ ಪಕ್ಕದವರದು ನಿಂತಿರಬೇಕು ಎಂದು ಕಾಯ್ದೆ ಬಂತು, ಅದನ್ನು ನೋಡಿಕೊಳ್ಳಲು ಒಂದು ಇಲಾಖೆಯೂ ಬಂತು.

ಸಾಮಾನ್ಯ ಜನ ಇದನ್ನೆಲ್ಲ ಕಟ್ಟಲು ಸಾಧ್ಯವಾದದ್ದು ನುಡಿಗಣಕದಿಂದ. ಅದು ಖಾಲಿ ತಲೆಯೊಂದಿಗೆ ಬರುತ್ತದೆ. ಆಡುಮಾತಿನಲ್ಲಿ ನಿಯಮ ಹೇಳಿದರೆ ತಾನೇ ಅದನ್ನು ಯಂತ್ರದ ಭಾಷೆಗೆ ಇಳಿಸಿಕೊಳ್ಳುತ್ತದೆ. ಆದರೆ ಸ್ವಂತ ಬುದ್ಧಿಯಿಂದ ಒಂದಕ್ಷರವನ್ನೂ ಸೇರಿಸುವುದಿಲ್ಲ. ಬಿಟ್ಟುಹೋದದ್ದಿದ್ದರೆ ಪ್ರಶ್ನೆ ಕೇಳುತ್ತದೆ. ತಪ್ಪು ಉತ್ತರ ಕೊಟ್ಟರೆ ತಪ್ಪನ್ನೇ ಶ್ರದ್ಧೆಯಿಂದ ಮಾಡುತ್ತದೆ. ಆದ್ದರಿಂದ ಮಾತನಾಡುವವರಿಗೆ ತಾವು ಏನು ಕಟ್ಟುತ್ತಿದ್ದೇವೆಂಬುದು ಬೇರುಸಹಿತ ಗೊತ್ತಿರಲೇಬೇಕು.

ಗಜೇಂದ್ರಗಡದಲ್ಲಿ ಕ್ಯಾಂಪು ಹಾಕಿದ್ದ ಕಂಪನಿಗೂ ಈಗ ಆ ಗಳಿಗೆ ಬಂದಿತ್ತು. ಹೊಸ ದೀಪಗಳಾಗಲಿ, ಪರದೆಯಾಗಲಿ, ಗಣಕ ಹೇಳದೆ ಅಲುಗಾಡುತ್ತಿರಲಿಲ್ಲ. ಆರು ವಾರ ಕಲಿಕೆ, ಕೊನೆಗೆ ಪರೀಕ್ಷೆ. ಕಲಿಸುವವಳೂ ಪರೀಕ್ಷೆ ಮಾಡುವವಳೂ ಮಂದಾರಾ ಒಬ್ಬಳೇ. ಪಾಸಾದರೆ ಆಟ ಶುರು. ಇಲ್ಲವಾದರೆ ಮತ್ತೆ ಪರೀಕ್ಷೆ ಬರುವುದು ವರ್ಷದ ಮೇಲೆ. ಹದಿನೆಂಟು ಕಲಾವಿದರನ್ನು ಒಂದು ವರ್ಷ ಸುಮ್ಮನೆ ಹಿಡಿದಿಡಲು ಯಾರಿಂದಲೂ ಆಗದು. ಫಕೀರಪ್ಪನಿಗಾಗಲೇ ಅರವತ್ತಾರು. ನಾಟಕದ ಕಂಪನಿ ಒಮ್ಮೆ ಒಡೆದರೆ ಹಾಲು ಒಡೆದಂತೆ, ಮತ್ತೆ ಕೂಡುವುದಿಲ್ಲ. ಇದನ್ನು ಬಲ್ಲ ಕಸ್ತೂರೆವ್ವ, ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, "ನಾ ಕಲೀತೀನಿ" ಎಂದು ಕೈಯೆತ್ತಿದ್ದಳು. ಅವಳು ಓದಿದ್ದು ಏಳನೇ ಇಯತ್ತೆ.

ಕಲಿಕೆ ರಂಗದ ಮೇಲೆಯೇ ನಡೆಯಿತು. ಗಣಕದ ಕೇಂದ್ರ ಒಂದೇ, ಅದು ಒಂದು ಗಳಿಗೆಯಲ್ಲಿ ಒಂದೇ ಕೆಲಸ ಮಾಡಬಲ್ಲದು, ಆದರೆ ಸರದಿಯನ್ನು ಸರಸರನೆ ಬದಲಿಸುತ್ತ ಹೋದರೆ ನೋಡುವವರಿಗೆ ಎಲ್ಲವೂ ಒಟ್ಟಿಗೆ ನಡೆದಂತೆ ಕಾಣುತ್ತದೆ ಎಂದು ಮಂದಾರಾ ಮೊದಲ ವಾರ ವಿವರಿಸಿದಳು.

"ಗೊತ್ತಾತ್ರಿ," ಎಂದಳು ಕಸ್ತೂರೆವ್ವ. "ನಮ್ಮ ಕಂಪನ್ಯಾಗ ಸೈನ್ಯ ಅಂದ್ರ ನಾಕ ಮಂದಿ. ಈ ಕಡೆಯಿಂದ ಹೋಗಿ, ಪರದೆ ಹಿಂದ ಓಡಿ, ಆ ಕಡೆಯಿಂದ ಮತ್ತ ಬರ್ತಾರ. ನೋಡಾವ್ರು ನಾನೂರು ಮಂದಿ ಅಂತಾರ."

ಮಂದಾರಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ತನ್ನ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಲು ಅವಳಿಗೆ ಪ್ರತಿವರ್ಷ ಹದಿನೈದು ದಿನ ಬೇಕಾಗುತ್ತಿತ್ತು.

ಹೀಗೆ ಹೆಸರುಗಳೂ ರಂಗದಿಂದಲೇ ಬಂದವು. ಗಣಕದೊಳಗೆ ನಡೆಯುವ ಒಂದೊಂದು ಕೆಲಸವೂ ಒಂದು 'ಪಾತ್ರ'. ಮಳೆ ಸುರಿಸುವುದು ಒಂದು ಪಾತ್ರ, ಹಿನ್ನೆಲೆಯ ಸಂಗೀತ ಇನ್ನೊಂದು. ಪಾತ್ರಗಳು ನಿಲ್ಲುವ ಸ್ಮೃತಿಯ ಜಾಗವೇ 'ಅಂಗಳ'. ಎಲ್ಲರಿಗೂ ಸರದಿ ಹಂಚುವ, ಎಲ್ಲಕ್ಕಿಂತ ಒಳಗಿನ ತಿರುಳು 'ಸೂತ್ರಧಾರ'.

ಮೂರನೆಯ ವಾರ ಗಣಕ ಒಮ್ಮೆ ಸ್ತಬ್ಧವಾಯಿತು. ತಪ್ಪು ಹುಡುಕಿ ಮಂದಾರಾ ಹೇಳಿದಳು: "ನೋಡಿ ಅಮ್ಮ, ಮಳೆಯ ಪಾತ್ರ ನೀರಿನ ಕೊಳವೆ ಹಿಡ್ಕೊಂಡು ನೀಲಿ ದೀಪಕ್ಕೆ ಕಾಯ್ತಿದೆ. ನದಿಯ ಪಾತ್ರ ನೀಲಿ ದೀಪ ಹಿಡ್ಕೊಂಡು ಕೊಳವೆಗೆ ಕಾಯ್ತಿದೆ. ಇಬ್ರೂ ಬಿಡಲ್ಲ. ಪ್ರಳಯದವರೆಗೂ ಹೀಗೇ ನಿಂತಿರ್ತಾರೆ."

ಕಸ್ತೂರೆವ್ವ ಗೊಳ್ಳೆಂದು ನಕ್ಕಳು. "ಮುದ್ದೇಬಿಹಾಳ ಕ್ಯಾಂಪಿನ್ಯಾಗ ಇದ ಆಗಿತ್ರಿ! ಇಬ್ರು ರಾಜರು, ಕಿರೀಟ ಒಂದ, ಕತ್ತಿ ಒಂದ. ಇವ ಕಿರೀಟ ಇಟ್ಕೊಂಡು ಕತ್ತಿ ಕೊಡು ಅಂತಾನ, ಅವ ಕತ್ತಿ ಹಿಡ್ಕೊಂಡು ಕಿರೀಟ ತಾ ಅಂತಾನ. ಹೊರಗ ಜನ ಕುರ್ಚಿ ಮುರಿಯಾಕತ್ತಿದ್ರು. ಅವತ್ತಿನಿಂದ ನಾನು ಒಂದು ಪದ್ಧತಿ ಮಾಡೀನಿ. ಮೊದಲು ಕಿರೀಟ, ಆಮ್ಯಾಲ ಕತ್ತಿ. ಕಿರೀಟ ಸಿಗದವ ಕತ್ತಿ ಮುಟ್ಟಂಗಿಲ್ಲ."

"ಎಲ್ಲರೂ ಒಂದೇ ಕ್ರಮದಲ್ಲಿ ತಗೋಬೇಕು..." ಮಂದಾರಾ ನಿಧಾನವಾಗಿ ಎಂದಳು. "ಅಮ್ಮ, ಇದನ್ನ ಕಂಡುಹಿಡಿಯೋಕೆ ನಮ್ಮವರಿಗೆ ವರ್ಷಗಟ್ಟಲೆ ಬೇಕಾಯ್ತು."

"ಅವರಿಗೆ ಕುರ್ಚಿ ಮುರಿಯೋ ಜನ ಇದ್ದಿಲ್ಲಲ್ರಿ."

ಇಷ್ಟು ಸಲೀಸಾಗಿ ಹೋಗುತ್ತಿದ್ದ ಪಾಠ ಸಾವಿನ ಹತ್ತಿರ ಬಂದಾಗ ನಿಂತಿತು. ಕೆಲಸ ಮುಗಿದ ಪಾತ್ರ ಸಾಯಬೇಕು, ಸತ್ತ ಕೂಡಲೇ ಅದರ ಜಾಗ ತೆರವು ಮಾಡಬೇಕು, ಇಲ್ಲದಿದ್ದರೆ ಅಂಗಳವೆಲ್ಲ ಪ್ರೇತಗಳಿಂದ ತುಂಬಿ ಜೀವಂತ ಪಾತ್ರಗಳಿಗೆ ನಿಲ್ಲಲು ಸ್ಥಳವಿರುವುದಿಲ್ಲ ಎಂದಳು ಮಂದಾರಾ.

"ಆಗೂದಿಲ್ರಿ," ಎಂದಳು ಕಸ್ತೂರೆವ್ವ.

"ಯಾಕೆ?"

"ಜನ ವನ್ಸ್ ಮೋರ್ ಅಂದ್ರ?"

ಮಂದಾರಾಗೆ ಅರ್ಥವಾಗಲಿಲ್ಲ. ಕಸ್ತೂರೆವ್ವ ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಸಮಾಧಾನದಿಂದ ತಿಳಿಹೇಳಿದಳು. 'ರಣವೀರ ಮಲ್ಲಭೂಪ' ನಾಟಕದ ಮೂರನೆಯ ಅಂಕದಲ್ಲಿ ಫಕೀರಪ್ಪನ ಮಲ್ಲಭೂಪ ಎದೆಗೆ ಬಾಣ ತಾಗಿ, ಹಾಡುತ್ತ ಹಾಡುತ್ತ ಪ್ರಾಣ ಬಿಡುತ್ತಾನೆ. ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಾರೆ. ಆಗ ಮಲ್ಲಭೂಪ ಎದ್ದು ಮೈ ಕೊಡವಿಕೊಂಡು, ಬಾಣ ಸರಿಮಾಡಿಕೊಂಡು, ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಾನೆ. ಕುಷ್ಟಗಿಯಲ್ಲಿ ಒಮ್ಮೆ ಒಂಬತ್ತು ಸಲ ಸತ್ತಿದ್ದ.

"ನಿಮ್ಮ ಗಣಕ ಸತ್ತಾವನ್ನ ಆಗಿಂದಾಗ ಹೂತು ಹಾಕಿದ್ರ, ಎದ್ದು ಹಾಡಾವ ಯಾರ್ರಿ? ದೀಪ, ಸಂಗೀತ, ಎಲ್ಲಾ ಮೊದಲಿನಿಂದ ಕಟ್ಟೂದ್ರಾಗ ಜನ ಮನೀಗೆ ಹೋಗಿರ್ತಾರ."

"ಹಾಗಂತ ಹೆಣಗಳನ್ನ ರಾಶಿ ಹಾಕ್ಕೊಂಡು ಕೂತ್ಕೊಳ್ಳೋಕಾಗತ್ತಾ ಅಮ್ಮ?"

ಎರಡು ದಿನ ಇಬ್ಬರಿಗೂ ಮಾತಿಲ್ಲ. ಮೂರನೆಯ ದಿನ ಕಸ್ತೂರೆವ್ವ ಗಣಕದ ಮುಂದೆ ಕೂತು ತನ್ನ ತೀರ್ಮಾನ ಒಪ್ಪಿಸಿದಳು: ಸತ್ತ ಪಾತ್ರ ವೇಷದ ಸಮೇತ ಸತ್ತಲ್ಲೇ ಮಲಗಿರಲಿ. ಹೊಸ ಪಾತ್ರಕ್ಕೆ ಜಾಗ ಸಾಲದಾದಾಗ ಮಾತ್ರ ತೆಗೆ. ತೆಗೆಯುವಾಗ ಸತ್ತು ಬಹಳ ಹೊತ್ತಾದವರನ್ನು ಮೊದಲು ತೆಗೆ, ಏಕೆಂದರೆ ಮೊದಲ ಅಂಕದ ಹಾಡಿಗೆ ಮೂರನೆಯ ಅಂಕದಲ್ಲಿ ಯಾರೂ ವನ್ಸ್ ಮೋರ್ ಕೇಳುವುದಿಲ್ಲ.

ಮಂದಾರಾ ಲೆಕ್ಕ ಹಾಕಿ ನೋಡಿದಳು. ವ್ಯವಸ್ಥೆ ನಿಧಾನವಾಗುವುದಿರಲಿ, ಮೊದಲಿಗಿಂತ ಚುರುಕಾಗಿತ್ತು. ಅವಳು ಎದ್ದು ಬಂದು ಕಸ್ತೂರೆವ್ವನನ್ನು ತಬ್ಬಿಕೊಂಡಳು. ಅಂದು ಕ್ಯಾಂಪಿನಲ್ಲಿ ಹೋಳಿಗೆ ಆಯಿತು.

ಇನ್ನೊಂದೇ ಕೆಲಸ ಉಳಿದಿತ್ತು. ಪ್ರತಿ ನುಡಿಗಣಕದಲ್ಲೂ ಪ್ರತ್ಯೇಕ ಬ್ಯಾಟರಿ ಇರುವ 'ಕಾವಲುಗಿವಿ' ಎಂಬ ಸಣ್ಣ ವಿದ್ಯುತ್ ಮಂಡಲ ಇರುತ್ತದೆ. ಸೂತ್ರಧಾರನೇ ಸತ್ತು ಇಡೀ ಯಂತ್ರ ಮಲಗಿದಾಗಲೂ ಅದು ಎಚ್ಚರವಿರುತ್ತದೆ, ಮತ್ತು ಕಟ್ಟಿದವರು ಹೇಳಿದ ಹೊತ್ತಿಗೆ ಸೂತ್ರಧಾರನನ್ನು ಎಬ್ಬಿಸುತ್ತದೆ. ಎಲ್ಲರೂ ಅದಕ್ಕೆ ಹೇಳುವುದು ಒಂದೇ ಮಾತು: ಹತ್ತು ಸೆಕೆಂಡು ಕಾದು ಎಬ್ಬಿಸು. ಕಸ್ತೂರೆವ್ವನೂ ಹಾಗೇ ಹೇಳುತ್ತಾಳೆಂದುಕೊಂಡು ಮಂದಾರಾ ಅಂದು ಕಚೇರಿಯ ಕೆಲಸಕ್ಕೆ ಗದಗಕ್ಕೆ ಹೋಗಿದ್ದಳು.

"ಸೂತ್ರಧಾರ ಸತ್ತರೆ ಯಾವಾಗ ಎಬ್ಬಿಸಲಿ?" ಗಣಕ ಕೇಳಿತು.

"ಅವಂಗೇನು ಕೋಡು ಬಂದಾವೇನು? ಎಲ್ಲಾರಿಗೂ ಯಾವ ನಿಯಮ, ಅವಂಗೂ ಅದ. ಜನ ಕೇಳಿದ ಮ್ಯಾಲ."

"ಜನ ಕೇಳಿದರೆಂದು ಹೇಗೆ ತಿಳಿಯಲಿ?"

"ಸಣ್ಣ ದನೀಲೆ ಅಂದ್ರ ಅದು ಉಪಚಾರದ ಮಾತು, ಬಿಟ್ಟುಬಿಡು. ಕಡೀ ಸಾಲಿಗೆ ಕೇಳೂವಂಗ ವನ್ಸ್ ಮೋರ್ ಅಂತ ಒದರಿ, ಸಿಳ್ಳಿ ಹೊಡದ್ರ ಅದು ಖರೇ. ಮತ್ತ ನಮ್ಮ ಕಂಪನಿ ಮಂದಿ ಒದರಿದ್ರ ಕೇಳಬ್ಯಾಡ. ತನಗ ತಾನ ವನ್ಸ್ ಮೋರ್ ಅನ್ಕೊಳ್ಳೂದು ಮರ್ಯಾದಿ ಅಲ್ಲ."

"ತಿಳಿಯಿತು," ಎಂದಿತು ಗಣಕ.

ಪರೀಕ್ಷೆ ಗುರುವಾರ ಮಧ್ಯಾಹ್ನ ಮೂರಕ್ಕೆ. ಇಲಾಖೆಯ ನಿಯಮದಂತೆ ಪ್ರೇಕ್ಷಕರ ಜಾಗದಲ್ಲಿ ಪರೀಕ್ಷಕರ ಹೊರತು ನರಪಿಳ್ಳೆ ಇರುವಂತಿಲ್ಲ. ನಾನೂರು ಖಾಲಿ ಕುರ್ಚಿಗಳ ನಡುವೆ ಮಂದಾರಾ ಒಬ್ಬಳೇ ಪುಸ್ತಕ, ಪೆನ್ನು ಹಿಡಿದು ಕೂತಳು. ನಾಟಕದ ಯಾವುದೋ ಗಳಿಗೆಯಲ್ಲಿ ಅವಳು ಗುಂಡಿಯೊತ್ತಿ ಸೂತ್ರಧಾರನನ್ನು ಕೊಲ್ಲುತ್ತಾಳೆ. ಕಟ್ಟಿದವರ ಕೈ ಸೋಕದೆ, ಮಾತಿಲ್ಲದೆ, ಒಂದು ನಿಮಿಷದೊಳಗೆ ಅವನು ಎದ್ದು ನಾಟಕ ಮುಂದುವರಿಯಬೇಕು. ಅದಕ್ಕೆ ಆಘಾತ ಪರೀಕ್ಷೆ ಎಂದು ಹೆಸರು.

ಎರಡು ಅಂಕ ಬೆಣ್ಣೆಯ ಹಾಗೆ ಸಾಗಿದವು. ಮೂರನೆಯ ಅಂಕದಲ್ಲಿ ಫಕೀರಪ್ಪ ಹಾಡುತ್ತ ಪ್ರಾಣ ಬಿಟ್ಟ. ಅವನ ತಲೆ ನೆಲಕ್ಕೆ ತಾಗುವುದಕ್ಕೂ ಮಂದಾರಾ ಗುಂಡಿ ಒತ್ತುವುದಕ್ಕೂ ಸರಿಹೋಯಿತು. ದೀಪಗಳು ಆರಿದವು. ಇಳಿಯುತ್ತಿದ್ದ ಪರದೆ ನಡುವೆ ನಿಂತಿತು. ತಗಡಿನ ಚಾವಣಿಯ ಸಂದಿಗಳಿಂದ ಬಂದ ಬಿಸಿಲಿನ ಗೆರೆಗಳಷ್ಟೇ ರಂಗದ ಮೇಲೆ ಉಳಿದವು.

ಹತ್ತು ಸೆಕೆಂಡಾಯಿತು. ಹದಿನೈದಾಯಿತು. ಏನೂ ಅಲುಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಕಸ್ತೂರೆವ್ವನಿಗೆ ಆಗ ಹೊಳೆಯಿತು. ಜನ ಕೇಳಬೇಕು. ಜನರೇ ಇಲ್ಲ! ಪ್ರೇಕ್ಷಕರಿಲ್ಲದ ನಾಟಕ ಎಂಬುದೊಂದು ಜಗತ್ತಿನಲ್ಲಿ ಇರಬಹುದೆಂದು ಅವಳ ಜನ್ಮದಲ್ಲಿ ಒಮ್ಮೆಯೂ ಅನಿಸಿರಲಿಲ್ಲ. ಅವಳು ಬಾಯಿ ತೆರೆದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಹದಿನೆಂಟು ಜನ ಹದಿನೆಂಟು ಬಸ್ಸು ಹತ್ತಿ ಹೋಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು, ಮತ್ತು ಅದಕ್ಕೆಲ್ಲ ತಾನೇ ಕಾರಣ ಎನಿಸಿತು.

ಇಪ್ಪತ್ತೈದು. ಮೂವತ್ತು. ಮಂದಾರಾ ಗಡಿಯಾರ ನೋಡಿದಳು, ಪೆನ್ನಿನ ಟೊಪ್ಪಿಗೆ ತೆಗೆದಳು, ಮತ್ತೆ ಹಾಕಿದಳು. ಅವಳ ಮುಖವೂ ಬಾಡಿತ್ತು.

ಅಷ್ಟರಲ್ಲಿ ಸತ್ತು ಬಿದ್ದಿದ್ದ ಮಲ್ಲಭೂಪ ಒಂದು ಕಣ್ಣು ತೆರೆದ. ಯಂತ್ರದ ಗೊಡವೆ ಅವನಿಗೆ ಬೇಕಿರಲಿಲ್ಲ. ಇಷ್ಟು ಚೆನ್ನಾಗಿ ಹಾಡಿ ಸತ್ತರೂ ಎದುರಿಗಿರುವ ಒಬ್ಬಳೇ ಒಬ್ಬಳು ಪ್ರೇಕ್ಷಕಿ ತುಟಿಪಿಟಕ್ ಎನ್ನುತ್ತಿಲ್ಲವಲ್ಲ ಎಂಬ ಸಂಕಟ ಅವನದು. ಅವನು ಮಲಗಿದಲ್ಲಿಂದಲೇ ಮಂದಾರಾಳನ್ನು ಎಷ್ಟು ನೊಂದು ನೋಡಿದನೆಂದರೆ, ಅವಳಿಗೆ ಎರಡು ದಿನದ ಜಗಳವೆಲ್ಲ ಒಮ್ಮೆಗೇ ನೆನಪಾಯಿತು. ಕಾವಲುಗಿವಿಗೆ ಕಸ್ತೂರೆವ್ವ ಏನು ಹೇಳಿರಬಹುದೆಂದು ಅವಳು ಊಹಿಸಿದಳು.

"ವನ್ಸ್ ಮೋರ್," ಎಂದಳು, ತರಗತಿಯಲ್ಲಿ ಹಾಜರಿ ಹೇಳುವಂತೆ.

ಏನೂ ಆಗಲಿಲ್ಲ. ನಲವತ್ತಾರು. ನಲವತ್ತೇಳು.

ಡಾ. ಮಂದಾರಾ ಅರಸ್ ಪುಸ್ತಕವನ್ನು ಕೆಳಗಿಟ್ಟಳು. ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಹತ್ತಿ ನಿಂತಳು. ಬಾಯಿಗೆ ಎರಡು ಬೆರಳಿಟ್ಟು, ಮೈಸೂರಿನ ಮನೆಯಲ್ಲಿ ಅಜ್ಜಿಯಿಂದ ಎಷ್ಟು ಬೈಸಿಕೊಂಡರೂ ಬಿಡದೆ ಕಲಿತಿದ್ದ ಸಿಳ್ಳೆ ಹಾಕಿ, ತಗಡು ನಡುಗುವಂತೆ ಕೂಗಿದಳು: "ವನ್ಸ್ ಮೋರ್!"

ಝಗ್ಗೆಂದು ದೀಪಗಳು ಹೊತ್ತಿಕೊಂಡವು. ಪರದೆ ಮೇಲೇರಿತು. ಸಂಗೀತ ಎಲ್ಲಿ ನಿಂತಿತ್ತೋ ಆ ಸ್ವರದಿಂದಲೇ ಎದ್ದಿತು. ಮಲ್ಲಭೂಪ ಚಂಗನೆ ನೆಗೆದು ನಿಂತು, ಒಬ್ಬಳೇ ಪ್ರೇಕ್ಷಕಿಗೆ ಬಾಗಿ ನಮಸ್ಕರಿಸಿ, ಇನ್ನೊಮ್ಮೆ ಸಾಯಲು ಶುರುಮಾಡಿದ. ಐವತ್ತೈದನೇ ಸೆಕೆಂಡು ಅದು. ಕಸ್ತೂರೆವ್ವ ಸೆರಗು ಉಗುಳಿ, ಅಳುತ್ತಲೂ ನಗುತ್ತಲೂ ಅಲ್ಲೇ ಕುಸಿದು ಕೂತಳು.

ನಾಟಕ ಮುಗಿದ ಮೇಲೆ ಮಂದಾರಾ ವರದಿಯ ಹಾಳೆ ಮುಂದಿಟ್ಟುಕೊಂಡು ತಲೆ ಕೆರೆದುಕೊಂಡಳು.

"ಪರೀಕ್ಷಕರು ಸಹಾಯ ಮಾಡಬಾರದು ಅಂತ ನಿಯಮ ಇದೆ ಅಮ್ಮ. ನಾನು ಮಾಡ್ಬಿಟ್ನಲ್ಲ."

"ನೀವ್ ಎಲ್ಲಿ ಸಹಾಯ ಮಾಡಿದ್ರಿ ಅಕ್ಕಾರ?" ಕಸ್ತೂರೆವ್ವ ಕಣ್ಣೊರೆಸಿಕೊಂಡಳು. "ನೀವು ನಾಟಕ ನೋಡಿದ್ರಿ."

ಮಂದಾರಾ ಪೆನ್ನು ಎತ್ತಿಕೊಂಡಳು. ಆಮೇಲೆ ದುಂಡನೆಯ ಅಕ್ಷರಗಳಲ್ಲಿ ಬರೆದಳು: 'ವ್ಯವಸ್ಥೆ ಸತ್ತಿತೇ? ಹೌದು. ಎದ್ದಿತೇ? ಹೌದು. ಎಬ್ಬಿಸಿದವರು: ಪ್ರೇಕ್ಷಕರು.' ಶನಿವಾರ ಕಂಪನಿಯ ಆಟ ಶುರುವಾಯಿತು. ಗಜೇಂದ್ರಗಡದ ಜನ ಮಲ್ಲಭೂಪನನ್ನು ಏಳು ಸಲ ಎಬ್ಬಿಸಿದರು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಆ ವರದಿಯನ್ನು ಇಲಾಖೆಯಲ್ಲಿ ಯಾರೋ ನಿಜವಾಗಿಯೂ ಓದಿದರು. ಅಲ್ಲಿಯವರೆಗೆ, ಸತ್ತ ಕೆಲಸವೆಲ್ಲ ಬೇಕಿರಲಿ ಬೇಡದಿರಲಿ ಹತ್ತು ಸೆಕೆಂಡಿಗೆ ತಾನಾಗಿ ಎದ್ದು ಕೂರುತ್ತಿತ್ತು. ಕೇಳಿದರೆ ಮಾತ್ರ ಎದ್ದರಾಯಿತು ಎಂಬ ಕಸ್ತೂರೆವ್ವನ ನಿಯಮ ಹಲವರಿಗೆ ಹಿಡಿಸಿತು. ಆಸ್ಪತ್ರೆಯವರು ನಾಡಿ ನೋಡುವ, ಉಸಿರು ಕಾಯುವ ಯಂತ್ರಗಳಿಗೆ ಹಳೆಯ ನಿಯಮವನ್ನೇ ಇಟ್ಟುಕೊಂಡರು. ಮಿಕ್ಕವಕ್ಕೆ ಹೊಸದನ್ನು ತಂದರು. ಗ್ರಂಥಾಲಯಗಳಲ್ಲಿ ಪುಸ್ತಕ ಹುಡುಕುವ ವ್ಯವಸ್ಥೆ ನಿಂತರೆ ಕನ್ನಡಕದ ಹಿರಿಯರು ಕುರ್ಚಿ ಹತ್ತಿ ಸಿಳ್ಳೆ ಹಾಕಿದರು. ಯಂತ್ರ ನಿಂತಾಗ ಮೇಜು ಗುದ್ದಿ ಬೈಯುತ್ತಿದ್ದವರು ಈಗ ಚಪ್ಪಾಳೆ ತಟ್ಟಿದರು.

ಯಾರೂ ಊಹಿಸದ ಸಂಗತಿ ಆಮೇಲೆ ಕಂಡಿತು. ಎಷ್ಟೋ ವ್ಯವಸ್ಥೆಗಳು ಸತ್ತವು, ಮತ್ತು ಅವುಗಳಿಗೆ ಯಾರೂ ವನ್ಸ್ ಮೋರ್ ಅನ್ನಲಿಲ್ಲ. ದಿನಕ್ಕೆ ಆರು ಸಲ ಹಾಜರಿ ಕೇಳುತ್ತಿದ್ದದ್ದು ಸತ್ತಿತು. ವರದಿ ಕಳಿಸಿದ್ದೀರಾ ಎಂಬುದರ ಬಗ್ಗೆ ವರದಿ ಕೇಳುತ್ತಿದ್ದದ್ದು ಸತ್ತಿತು. ನೀರಿನ ನಲ್ಲಿ ತಿರುಗಿಸಿದಾಗಲೆಲ್ಲ ನಮ್ಮ ಸೇವೆ ಹೇಗಿತ್ತು ಎಂದು ಕೇಳುತ್ತಿದ್ದದ್ದು ಸತ್ತಾಗಲಂತೂ ಬೀದಿಯಲ್ಲಿ ಪೇಡಾ ಹಂಚಿದರಂತೆ. ವರ್ಷ ಕಳೆಯುವುದರೊಳಗೆ ಕಚೇರಿಗಳ ಮೂರರಲ್ಲೊಂದು ಪಾಲು ವ್ಯವಸ್ಥೆ ಮಣ್ಣಾಗಿತ್ತು. ಜನ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು.

ಮುಂದಿನ ವರ್ಷ ಕಂಪನಿ ಹುನಗುಂದದಲ್ಲಿ ಕ್ಯಾಂಪು ಹಾಕಿತ್ತು. ಒಂದು ಮಧ್ಯಾಹ್ನ ಆಟಕ್ಕೆ ಮುಂಚೆ, ಹೆಗಲಿಗೊಂದು ಚೀಲ ಹಾಕಿಕೊಂಡು ಮಂದಾರಾ ಬಂದಿಳಿದಳು. ಅವಳನ್ನು ಕಂಡು ಕಸ್ತೂರೆವ್ವನಿಗೆ ಸಂತೋಷವೂ ಆಯಿತು, ಭಯವೂ ಆಯಿತು.

"ಮತ್ತ ಪರೀಕ್ಷಾ ಏನ್ರಿ ಅಕ್ಕಾರ?"

"ಇಲ್ಲಮ್ಮ. ಪರೀಕ್ಷೆ ಇನ್ನಿಲ್ಲ. ಇನ್ಮೇಲೆ ಊರೂರಿಗೆ ಹೋಗಿ ಬರೀ ಕಲಿಸೋದು."

"ಯಾಕ್ರಿ?"

"ನಮ್ಮ ಪರೀಕ್ಷಾ ವಿಭಾಗದ ವ್ಯವಸ್ಥೆ ಹೋದ ತಿಂಗಳು ಸತ್ತುಹೋಯ್ತು."

ಕಸ್ತೂರೆವ್ವ ಕಣ್ಣರಳಿಸಿದಳು. "ಅಯ್ಯ ಶಿವನ! ಯಾರೂ ವನ್ಸ್ ಮೋರ್ ಅನ್ನಲಿಲ್ಲೇನ್ರಿ?"

"ನಲವತ್ತು ಜನ ಇದ್ವಿ. ಒಬ್ಬರ ಮುಖ ಒಬ್ಬರು ನೋಡಿದ್ವಿ."

"ನೀವರ ಅನ್ನಬೇಕಿಲ್ಲೇನು?"

"ಗಂಟೆ ಒಂದಾಗಿತ್ತಮ್ಮ," ಎಂದಳು ಮಂದಾರಾ. "ನಾನು ಊಟಕ್ಕೆ ಹೋದೆ."

ಕಸ್ತೂರೆವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಷ್ಟರಲ್ಲಿ ಆಟ ಶುರುವಾಗುವ ಮೂರನೆಯ ಗಂಟೆ ಹೊಡೆಯಿತು. ಅವಳು ಮಂದಾರಾಳನ್ನು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂಡಿಸಿ, ಓಡಿ ಹೋಗಿ ತನ್ನ ಜಾಗದಲ್ಲಿ ನಿಂತು ಬೆರಳೆತ್ತಿದಳು.